ಚಂದ್ರ ಮುಳುಗಿದ ಮೇಲೆ ನೌಕೆಯ ಮಾತು ಬೆಂಗಳೂರಿಗೆ ಬರುವ ದಾರಿ

ಬೆಂಗಳೂರಿನ ಆಕಾಶದಲ್ಲಿ ಚಂದ್ರ ಇರುವುದು ದಿನಕ್ಕೆ ಸುಮಾರು ಹನ್ನೆರಡು ಗಂಟೆ. ನಗರದ ಹೊರಗೆ ಬ್ಯಾಲಾಳಿನಲ್ಲಿರುವ ಇಸ್ರೋದ 32 ಮೀಟರ್ ಆಂಟೆನಾ ಎಷ್ಟೇ ಸೂಕ್ಷ್ಮವಾಗಿದ್ದರೂ, ಮುಳುಗಿದ ಚಂದ್ರನ ಕಡೆಗೆ ಅದನ್ನು ತಿರುಗಿಸಿದರೆ ಎದುರಾಗುವುದು ಬರೀ ನೆಲ. ಚಂದ್ರನನ್ನು ಸುತ್ತುತ್ತಿರುವ ನೌಕೆಗೆ ಮಾತ್ರ ನಮ್ಮ ಉದಯಾಸ್ತಗಳ ಹಂಗಿಲ್ಲ. ಅದರ ಬ್ಯಾಟರಿ ಬಿಸಿಯಾಗುವುದು, ಕಕ್ಷೆ ಕೊಂಚ ಜಾರುವುದು, ಎಂಜಿನ್ ಉರಿಸಬೇಕಾದ ಗಳಿಗೆ ಬರುವುದು ಯಾವ ಹೊತ್ತಿನಲ್ಲಾದರೂ ಆಗಬಹುದು.

2023ರಲ್ಲಿ ಚಂದ್ರಯಾನ-3 ಹಾರಿದಾಗ ಬ್ಯಾಲಾಳಿಗೆ ಚಂದ್ರ ಕಾಣದ ಹೊತ್ತನ್ನು ತುಂಬಿದ್ದು ಬೇರೆಯವರ ಆಂಟೆನಾಗಳು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಎಸಾ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕುರುವಿನಲ್ಲಿರುವ ತನ್ನ 15 ಮೀಟರ್ ಆಂಟೆನಾವನ್ನೂ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿರುವ ಗೂನ್‌ಹಿಲಿಯ 32 ಮೀಟರ್ ಆಂಟೆನಾವನ್ನೂ ಒದಗಿಸಿತು. ಇಳಿಯುವ ದಿನಕ್ಕೆಂದು ಆಸ್ಟ್ರೇಲಿಯಾದ ಪರ್ತ್‌ನ ಉತ್ತರಕ್ಕಿರುವ ನ್ಯೂ ನಾರ್ಸಿಯಾದ 35 ಮೀಟರ್ ಆಂಟೆನಾ ಸಿದ್ಧವಾಗಿತ್ತು. ನಾಸಾದ ಡೀಪ್ ಸ್ಪೇಸ್ ನೆಟ್‌ವರ್ಕ್ ಕೂಡ ಜೊತೆಗಿತ್ತು. ನೌಕೆಯನ್ನು ನಡೆಸುತ್ತಿದ್ದವರು ಮಾತ್ರ ಬೆಂಗಳೂರಿನ ಪೀಣ್ಯದಲ್ಲಿರುವ, ಇಸ್ರೋದ ನೌಕೆಗಳ ಜಾಡು ಹಿಡಿದು ಆದೇಶ ಕೊಡುವ ಕೇಂದ್ರವಾದ ಇಸ್ಟ್ರ್ಯಾಕ್‌ನ ನಿಯಂತ್ರಣ ಕೊಠಡಿಯಲ್ಲೇ ಕೂತಿದ್ದರು. ಆದೇಶ ಕೊಟ್ಟವರು ಅವರು, ನೌಕೆ ತನ್ನ ಸ್ಥಿತಿಯ ಬಗ್ಗೆ ಕಳಿಸುವ ಅಂಕಿಗಳನ್ನು, ಅಂದರೆ ಟೆಲಿಮೆಟ್ರಿಯನ್ನು, ಓದಿದವರೂ ಅವರೇ. ಕುರುವಿನಲ್ಲಿದ್ದವರಿಗೆ ತಮ್ಮ ಆಂಟೆನಾದ ಮೂಲಕ ಹಾದುಹೋಗುತ್ತಿರುವ ಬಿಟ್‌ಗಳ ಅರ್ಥ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಇಂಥ ಸಹಕಾರದ ಸುದ್ದಿ ಬಂದಾಗ ಚಿತ್ರದಲ್ಲಿ ಕಾಣುವುದು ಬಿಳಿಯ ದೊಡ್ಡ ಡಿಶ್. ಎರಡು ದೇಶಗಳ ಜಾಲಗಳು ಒಂದಾಗಿ ಕೆಲಸ ಮಾಡುವುದು ಡಿಶ್‌ಗಳಿಂದಲ್ಲ. ಮಾಹಿತಿಯ ಒಂದೊಂದು ಕಟ್ಟು, ಅಂದರೆ ಫ್ರೇಮ್, ಎಷ್ಟು ಬೈಟ್ ಇರಬೇಕು, ಗಡಿಯಾರ ಯಾವ ಲೆಕ್ಕದಲ್ಲಿ ಓಡಬೇಕು, ಕಕ್ಷೆಯ ಕಡತ ಯಾವ ನಮೂನೆಯಲ್ಲಿರಬೇಕು ಎಂಬ ಸಣ್ಣ ಸಣ್ಣ ಒಪ್ಪಂದಗಳ ಮೇಲೆ ಅದೆಲ್ಲ ನಿಂತಿದೆ. ಕೆಡುವುದೂ ಹೆಚ್ಚಾಗಿ ಅಲ್ಲೇ.

ದೂರ, ಅಲೆ, ಆವರ್ತನ

ಚಂದ್ರ ಸರಾಸರಿ 3,84,400 ಕಿ.ಮೀ. ದೂರ. ರೇಡಿಯೊ ಅಲೆ ಒಂದು ಕಡೆಗೆ ತಲುಪಲು 1.28 ಸೆಕೆಂಡ್ ಬೇಕು. 2.25 ಗಿಗಾಹರ್ಟ್ಸ್‌ನ ಎಸ್ ಬ್ಯಾಂಡ್ ಎಂಬ ಆವರ್ತನದ ಪಟ್ಟಿಯಲ್ಲಿ ಅಷ್ಟು ದೂರಕ್ಕೆ ಸಂಕೇತ ಸುಮಾರು 211 ಡೆಸಿಬೆಲ್ ಕುಗ್ಗುತ್ತದೆ. ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದಾಗ ಭೂಮಿಯಿಂದ ಸುಮಾರು 22.4 ಕೋಟಿ ಕಿ.ಮೀ. ದೂರದಲ್ಲಿತ್ತು. ಸಂಕೇತಕ್ಕೆ ಒಂದು ಕಡೆಗೆ ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಅಲೆಯ ಬಲ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ಅದೇ ಟ್ರಾನ್ಸ್‌ಮಿಟರ್ ಚಂದ್ರನ ಬಳಿ ಇದ್ದಿದ್ದರೆ ಬರುತ್ತಿದ್ದ ಸಂಕೇತಕ್ಕಿಂತ ಇದು ಸುಮಾರು 3.4 ಲಕ್ಷ ಪಟ್ಟು ದುರ್ಬಲ. ಆದ್ದರಿಂದಲೇ ಕುರುವಿನ 15 ಮೀಟರ್ ಡಿಶ್ ಚಂದ್ರನಿಗೆ ಸಾಕಾಗುತ್ತದೆ, ಮಂಗಳನಿಗೆ 32, 34, 35, 70 ಮೀಟರಿನವು ಬೇಕಾಗುತ್ತವೆ.

ಅಂಥ ಡಿಶ್‌ಗಳು ಲೋಕದಲ್ಲಿ ಕೆಲವೇ ಇವೆ. ನಾಸಾದವು ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್, ಸ್ಪೇನಿನ ಮ್ಯಾಡ್ರಿಡ್ ಬಳಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿ ಇವೆ. ರೇಖಾಂಶದಲ್ಲಿ ಒಂದಕ್ಕೊಂದು ಸುಮಾರು 120 ಡಿಗ್ರಿ ದೂರ ಇರುವಂತೆ ಆರಿಸಿದ ಜಾಗಗಳಿವು. ಒಂದರಲ್ಲಿ ನೌಕೆ ಮುಳುಗುವ ಮುನ್ನ ಇನ್ನೊಂದರಲ್ಲಿ ಹುಟ್ಟಿರುತ್ತದೆ. ಎಸಾದ 35 ಮೀಟರಿನವು ನ್ಯೂ ನಾರ್ಸಿಯಾ, ಸ್ಪೇನಿನ ಸೆಬ್ರೆರೋಸ್, ಅರ್ಜೆಂಟೀನಾದ ಮಲರ್ಗೆಯಲ್ಲಿವೆ. ಬ್ಯಾಲಾಳಿನ 18 ಮತ್ತು 32 ಮೀಟರಿನವು ಚಂದ್ರಯಾನ-1ಕ್ಕಾಗಿ 2008ರಲ್ಲಿ ಎದ್ದು ನಿಂತವು. ಒಂದು ದೇಶ ತನ್ನೊಬ್ಬಳದೇ ನೌಕೆಗಾಗಿ ಮೂರು ಖಂಡಗಳಲ್ಲಿ ಇಂಥವನ್ನು ಕಟ್ಟಿ, ವರ್ಷಪೂರ್ತಿ ಸಿಬ್ಬಂದಿ ಇಟ್ಟು ಸಾಕುವುದು ದುಬಾರಿ. ಅದರ ಜೊತೆಗೆ ಆ ನೆಲದ ಸರ್ಕಾರದ ಅನುಮತಿ ಬೇಕು, ಅಲ್ಲಿಂದ ಕಿಲೋವ್ಯಾಟ್‌ಗಟ್ಟಲೆ ಶಕ್ತಿಯಲ್ಲಿ ಪ್ರಸಾರ ಮಾಡಲು ಆವರ್ತನದ ಪರವಾನಗಿ ಬೇಕು. ಎಲ್ಲೂ ನೆಲವೇ ಸಿಗದ ಕಡೆ ಹಡಗಿನ ಮೊರೆ ಹೋಗಬೇಕಾಗುತ್ತದೆ. 2013ರಲ್ಲಿ ಮಂಗಳಯಾನದ ಉಡಾವಣೆಯ ಕೊನೆಯ ಹಂತವನ್ನು ನೋಡಲು ಆಂಟೆನಾ ಹೊತ್ತ ನಳಂದಾ ಮತ್ತು ಯಮುನಾ ಎಂಬ ಎರಡು ಹಡಗುಗಳು ದಕ್ಷಿಣ ಪೆಸಿಫಿಕ್‌ಗೆ ಹೋಗಿ ನಿಂತಿದ್ದವು.

ಆವರ್ತನದ ಲೆಕ್ಕದಲ್ಲಿ ಹೊಸಬರು ಎಡವುವ ಒಂದು ಸೂಕ್ಷ್ಮವಿದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮದಲ್ಲಿ ಭೂಮಿಯಿಂದ 20 ಲಕ್ಷ ಕಿ.ಮೀ. ದಾಟಿದ್ದಷ್ಟೇ 'ಆಳ ಬಾಹ್ಯಾಕಾಶ'. ಅದರೊಳಗಿನ ನೌಕೆಗಳು ಎಸ್ ಬ್ಯಾಂಡಿನಲ್ಲಿ ಕೆಳಗೆ ಮಾತಾಡಬೇಕಾದದ್ದು 2200ರಿಂದ 2290 ಮೆಗಾಹರ್ಟ್ಸ್‌ನಲ್ಲಿ, ಹೊರಗಿನವು 2290ರಿಂದ 2300ರಲ್ಲಿ. ಎಕ್ಸ್ ಬ್ಯಾಂಡಿನಲ್ಲಿ ಹೊರಗಿನವಕ್ಕೆ 8400ರಿಂದ 8450, ಒಳಗಿನವಕ್ಕೆ 8450ರಿಂದ 8500. ಹಾಗಾಗಿ 15 ಲಕ್ಷ ಕಿ.ಮೀ. ದೂರದಲ್ಲಿರುವ ಆದಿತ್ಯ-ಎಲ್1 ನಿಯಮದ ಪ್ರಕಾರ ಭೂಮಿಯ ನೆರೆಯದು. ಒಂದು ಆಂಟೆನಾದ ಫಿಲ್ಟರುಗಳು, ಟ್ರಾನ್ಸ್‌ಮಿಟರುಗಳು ಆಳ ಬಾಹ್ಯಾಕಾಶದ ಪಟ್ಟಿಗೆ ಮಾತ್ರ ಜೋಡಿಸಿದ್ದರೆ, ಡಿಶ್ ಎಷ್ಟು ದೊಡ್ಡದಾದರೂ ಚಂದ್ರಯಾನಕ್ಕೆ ಪ್ರಯೋಜನಕ್ಕೆ ಬರುವುದಿಲ್ಲ. ಸಹಕಾರ ಕೇಳುವವರು ಮೊದಲು ನೋಡಬೇಕಾದ ಪಟ್ಟಿ ಇದು. ಇನ್ನೊಂದು ತೊಡಕು 2300 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ನಮ್ಮ 4ಜಿ ಮೊಬೈಲ್ ಸೇವೆಗಳಿರುವುದು. ಕೋಟಿಗಟ್ಟಲೆ ಕಿ.ಮೀ. ದಾಟಿ ಬಂದ ಸಂಕೇತದ ಪಕ್ಕದ ಮನೆಯಲ್ಲೇ ಮೊಬೈಲ್ ಗೋಪುರ ಕೂಗಿದಂತೆ. ಸುತ್ತಲಿನ ದಿಣ್ಣೆಗಳು ಮರೆ ಕೊಡುವ ತಟ್ಟೆಯಂಥ ತಗ್ಗಿನಲ್ಲಿ ಬ್ಯಾಲಾಳು ಕೇಂದ್ರವನ್ನು ಕಟ್ಟಿದ್ದಕ್ಕೆ ಇಂಥ ಗದ್ದಲವೇ ಕಾರಣ.

ಮುಚ್ಚಿದ ಲಕೋಟೆ

ಈಗ ಮುಖ್ಯ ವಿಷಯ. ನೌಕೆಯ ಒಳಗಿನ ಮಾಹಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಯಾವ ಬೈಟ್ ಬ್ಯಾಟರಿಯ ವೋಲ್ಟೇಜ್, ಯಾವುದು ಇಂಧನದ ಟ್ಯಾಂಕಿನ ಒತ್ತಡ ಎಂಬುದು ಆಯಾ ಸಂಸ್ಥೆಯ ಗುಟ್ಟು. ಅದನ್ನು ಬೇರೆಯವರಿಗೆ ಹೇಳದೆಯೇ ಅವರ ಆಂಟೆನಾದಿಂದ ಅದನ್ನು ತರಿಸಿಕೊಳ್ಳಬೇಕು. ಇದಕ್ಕೆ ಉತ್ತರ ಕೊಟ್ಟದ್ದು 1982ರಲ್ಲಿ ಹುಟ್ಟಿದ ಸಿಸಿಎಸ್‌ಡಿಎಸ್ ಎಂಬ ಸಲಹಾ ಸಮಿತಿ. ಬಾಹ್ಯಾಕಾಶ ಸಂಸ್ಥೆಗಳು ಸೇರಿ ನಡೆಸುವ ಈ ಸಮಿತಿ ಹೊರತರುವ ಮಾನದಂಡಗಳನ್ನು ಅವುಗಳ ರಕ್ಷಾಪುಟದ ಬಣ್ಣದಿಂದ 'ನೀಲಿ ಪುಸ್ತಕ'ಗಳೆಂದು ಕರೆಯುತ್ತಾರೆ.

ಅವು ಹೇಳುವುದು ಲಕೋಟೆಯ ಅಳತೆಯನ್ನು. ಒಳಗಿನ ಪತ್ರದ ಬಗ್ಗೆ ಅವಕ್ಕೆ ಚಿಂತೆಯಿಲ್ಲ. ಬಹಳ ನೌಕೆಗಳು ಬಳಸುವ ಒಂದು ಅಳತೆ ಹೀಗಿದೆ: ಮಾಹಿತಿಯ ಫ್ರೇಮ್ 1115 ಬೈಟ್. ಅದನ್ನು 223 ಬೈಟ್‌ಗಳ ಐದು ಪಾಲಾಗಿ ಹೆಣೆದು, ಪ್ರತಿ ಪಾಲಿಗೂ ರೀಡ್-ಸಾಲೊಮನ್ ಸಂಕೇತದ 32 ತಿದ್ದುಪಡಿ ಬೈಟ್ ಸೇರಿಸುತ್ತಾರೆ. ಆಗ ಒಟ್ಟು 1275. ಮುಂದೆ 4 ಬೈಟ್‌ಗಳ ಒಂದು ಗುರುತು, ಹದಿನಾರರ ಸಂಖ್ಯಾಪದ್ಧತಿಯಲ್ಲಿ 1ಎಸಿಎಫ್‌ಎಫ್‌ಸಿ1ಡಿ. ಎಲ್ಲಿಂದಲೋ ಹರಿದು ಬರುವ ಸೊನ್ನೆ-ಒಂದುಗಳ ಸಾಲಿನಲ್ಲಿ ಹೊಸ ಫ್ರೇಮ್ ಎಲ್ಲಿ ಶುರುವಾಯಿತೆಂದು ಕೇಂದ್ರದ ಯಂತ್ರ ಗುರುತಿಸುವುದು ಇದರಿಂದ. ಪ್ರತಿ ಪಾಲಿನಲ್ಲೂ 16 ಬೈಟ್‌ವರೆಗೆ ಕೆಟ್ಟಿದ್ದರೆ ತಿದ್ದಬಹುದು. ಐದನ್ನು ಹೆಣೆದಿರುವುದರಿಂದ ಒಂದೇ ಕಡೆ ಒಟ್ಟಿಗೆ 80 ಬೈಟ್ ಹಾಳಾದರೂ ಫ್ರೇಮ್ ಉಳಿದುಕೊಳ್ಳುತ್ತದೆ. ಈ ಗುರುತು, ಈ ಅಳತೆ ಗೊತ್ತಿರುವ ಯಾವ ದೇಶದ ಕೇಂದ್ರವೂ ಯಾವ ದೇಶದ ನೌಕೆಯ ಫ್ರೇಮನ್ನೂ ಹಿಡಿದು, ತಿದ್ದಿ, ಒಳಗೇನಿದೆ ಎಂದು ತೆರೆದು ನೋಡದೆ ಸಾಗಿಸಬಲ್ಲದು. ಒಳಗಿನದು ಗೂಢಲಿಪಿಯಲ್ಲಿದ್ದರೂ ಅಡ್ಡಿಯಿಲ್ಲ.

ಫ್ರೇಮಿನ ತಲೆಯಲ್ಲಿ ನೌಕೆಯ ಗುರುತಿನ ಸಂಖ್ಯೆಗೆಂದು 10 ಬಿಟ್ ಮೀಸಲು. ಅಂದರೆ 1024 ಸಂಖ್ಯೆಗಳು ಮಾತ್ರ. ಇಡೀ ಲೋಕದ ನೌಕೆಗಳು ಅಷ್ಟರಲ್ಲೇ ಹಂಚಿಕೊಳ್ಳಬೇಕು. ಆದ್ದರಿಂದ ಹಂಚಿಕೆಗೆ ಒಂದೇ ದಾಖಲೆ ಪುಸ್ತಕವಿದೆ. ಕೆಲಸ ಮುಗಿಸಿದ ನೌಕೆಯ ಸಂಖ್ಯೆಯನ್ನು ಹಿಂದಕ್ಕೆ ಪಡೆದು ಮತ್ತೊಂದಕ್ಕೆ ಕೊಡುತ್ತಾರೆ. ಎಂಬತ್ತರ ದಶಕದಲ್ಲಿ ಧಾರಾಳವಾಗಿ ಕಂಡ 1024, ಪುಟ್ಟ ಉಪಗ್ರಹಗಳ ಕಾಲದಲ್ಲಿ ಇಕ್ಕಟ್ಟಾಗಿದೆ. ಈಗ ಆವರ್ತನದ ಪಟ್ಟಿ ಬೇರೆಯಾಗಿದ್ದರೆ ಒಂದೇ ಸಂಖ್ಯೆಯನ್ನು ಇಬ್ಬರಿಗೆ ಕೊಡುವ ಏರ್ಪಾಡು ಬಂದಿದೆ.

ಮೇಲಕ್ಕೆ ಹೋಗುವ ಆದೇಶದ ಲಕೋಟೆ ಬೇರೆ. ಅಲ್ಲಿ ಏಳು ಬೈಟ್ ಆದೇಶಕ್ಕೆ ಒಂದು ಬೈಟ್ ಕಾವಲು. ಟೆಲಿಮೆಟ್ರಿಯಲ್ಲಿ ತಪ್ಪನ್ನು ತಿದ್ದಿಕೊಂಡು ಮುಂದೆ ಹೋಗುವ ಧೋರಣೆಯಿದ್ದರೆ, ಇಲ್ಲಿ ಅನುಮಾನ ಬಂದ ಆದೇಶವನ್ನು ಎಸೆದುಬಿಡುವ ಧೋರಣೆ. ತಪ್ಪಾಗಿ ತಿದ್ದಿದ ಒಂದು ಅಳತೆಯಿಂದ ನಕ್ಷೆಯಲ್ಲೊಂದು ಚುಕ್ಕೆ ಆಚೀಚೆ ಹೋಗಬಹುದು. ತಪ್ಪಾಗಿ ತಿದ್ದಿದ ಆದೇಶದಿಂದ ಎಂಜಿನ್ ಹೊತ್ತಿಕೊಳ್ಳಬಹುದು.

ಕುರುವಿನಿಂದ ಪೀಣ್ಯಕ್ಕೆ

ಫ್ರೇಮ್ ಆಂಟೆನಾದವರೆಗೆ ಬಂತು. ಅಲ್ಲಿಂದ ಬೆಂಗಳೂರಿಗೆ? ಹಿಂದೆ ಪ್ರತಿ ಜೋಡಿ ಸಂಸ್ಥೆಗಳೂ ತಮ್ಮತಮ್ಮೊಳಗೆ ಮಾತಾಡಿಕೊಂಡು, ಪ್ರತಿ ಯೋಜನೆಗೂ ಹೊಸದಾಗಿ ಸಾಫ್ಟ್‌ವೇರ್ ಬರೆಯುತ್ತಿದ್ದವು. ಸ್ಪೇಸ್ ಲಿಂಕ್ ಎಕ್ಸ್‌ಟೆನ್ಶನ್, ಬಳಕೆಯಲ್ಲಿ ಎಸ್‌ಎಲ್‌ಇ, ಎಂಬ ಮಾನದಂಡ ಬಂದ ಮೇಲೆ ಆ ಪಾಡು ತಪ್ಪಿತು. 2002ರಲ್ಲಿ ಉಡಾಯಿಸಿದ ಎಸಾದ ಇಂಟೆಗ್ರಲ್ ಎಂಬ ಗಾಮಾ ಕಿರಣ ದೂರದರ್ಶಕಕ್ಕೆ ನಾಸಾದ ಗೋಲ್ಡ್‌ಸ್ಟೋನ್ ಆಂಟೆನಾ ಇದರ ಮೂಲಕವೇ ಸೇವೆ ಕೊಟ್ಟಿತು.

ಎಸ್‌ಎಲ್‌ಇ ಮಾಡುವುದು ಹೆಸರು ಹೇಳುವಂತೆಯೇ: ಬಾಹ್ಯಾಕಾಶದ ಕೊಂಡಿಯನ್ನು ನೆಲದ ಮೇಲೆ ಉದ್ದ ಮಾಡುತ್ತದೆ. ಸಾಮಾನ್ಯ ಟಿಸಿಪಿ-ಐಪಿ ಸಂಪರ್ಕದ ಮೇಲೆ ನಿಯಂತ್ರಣ ಕೊಠಡಿ ಮೊದಲು ಕೇಂದ್ರಕ್ಕೆ 'ಬೈಂಡ್' ಎನ್ನುತ್ತದೆ, ಅಂದರೆ ಗುರುತು ತೋರಿಸಿ ಬಾಗಿಲು ತೆರೆಸಿಕೊಳ್ಳುವುದು. ಆಮೇಲೆ 'ಸ್ಟಾರ್ಟ್'. ಫ್ರೇಮ್‌ಗಳು ಬರತೊಡಗುತ್ತವೆ. ಮುಗಿದಾಗ 'ಸ್ಟಾಪ್', 'ಅನ್‌ಬೈಂಡ್'. ಬರುವ ಪ್ರತಿ ಫ್ರೇಮಿನ ಬೆನ್ನಿಗೆ ಕೇಂದ್ರ ಒಂದು ಚೀಟಿ ಅಂಟಿಸಿರುತ್ತದೆ: ಯಾವ ಆಂಟೆನಾ ಹಿಡಿಯಿತು, ಭೂಮಿಗೆ ತಲುಪಿದ ನಿಖರ ಸಮಯ ಯಾವುದು, ಫ್ರೇಮ್ ಚೆನ್ನಾಗಿದೆಯೋ ಕೆಟ್ಟಿದೆಯೋ, ಹಿಂದಿನದಕ್ಕೂ ಇದಕ್ಕೂ ನಡುವೆ ಏನಾದರೂ ಕಳೆದಿದೆಯೋ.

ತರಿಸಿಕೊಳ್ಳುವ ಬಗೆಯನ್ನು ಮೊದಲೇ ತೀರ್ಮಾನಿಸಬೇಕು. 'ಸಕಾಲಿಕ' ಬಗೆಯಲ್ಲಿ ದಾರಿ ಕಿಕ್ಕಿರಿದರೆ ಕೇಂದ್ರ ಹಳೆಯ ಫ್ರೇಮ್‌ಗಳನ್ನು ಕೈಬಿಟ್ಟು ಹೊಸದನ್ನು ಕಳಿಸುತ್ತದೆ. 'ಸಂಪೂರ್ಣ' ಬಗೆಯಲ್ಲಿ ಒಂದನ್ನೂ ಬಿಡದೆ ಸಾಲಿನಲ್ಲಿ ನಿಲ್ಲಿಸಿ, ತಡವಾದರೂ ಎಲ್ಲವನ್ನೂ ಕೊಡುತ್ತದೆ. ನೌಕೆ ಇಳಿಯುತ್ತಿರುವಾಗ ಎತ್ತರ, ವೇಗ ನೋಡುವವರಿಗೆ ಸಕಾಲಿಕವೇ ಬೇಕು. ಹತ್ತು ಸೆಕೆಂಡ್ ಹಿಂದಿನ ಎತ್ತರ ಅವರಿಗೆ ಕೆಲಸಕ್ಕೆ ಬಾರದು. ವಿಜ್ಞಾನಿಗಳ ಕ್ಯಾಮೆರಾ ಚಿತ್ರಗಳಿಗೆ ಸಂಪೂರ್ಣವೇ ಸರಿ. ಇದನ್ನು ಅದಲುಬದಲು ಮಾಡಿಕೊಂಡರೆ, ತೆರೆಯ ಮೇಲಿನ ಅಂಕಿಗಳು ನಿಧಾನವಾಗಿ ಹಿಂದೆ ಬೀಳುತ್ತಿರುವುದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಅದಕ್ಕಾಗಿಯೇ ಭೂಮಿಗೆ ತಲುಪಿದ ಸಮಯಕ್ಕೂ ಕೊಠಡಿಗೆ ಬಂದ ಸಮಯಕ್ಕೂ ಇರುವ ವ್ಯತ್ಯಾಸವನ್ನು ತೆರೆಯ ಒಂದು ಮೂಲೆಯಲ್ಲಿ ಸದಾ ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಆದೇಶ ಕಳಿಸುವಾಗ ಬರುವ ಉತ್ತರಗಳನ್ನು ಬೇರೆ ಬೇರೆಯಾಗಿ ಓದಬೇಕು. 'ಸ್ವೀಕರಿಸಿದೆ' ಎಂದರೆ ಆದೇಶ ಕೇಂದ್ರದ ಸಾಲಿಗೆ ಸೇರಿತು ಎಂದಷ್ಟೇ. 'ಪ್ರಸಾರವಾಯಿತು' ಎಂದರೆ ಆಂಟೆನಾದಿಂದ ಹೊರಟಿತು. ನೌಕೆಗೆ ತಲುಪಿತೇ ಎಂಬುದನ್ನು ಕೇಂದ್ರ ಹೇಳಲಾರದು. ಅದನ್ನು ಹೇಳುವುದು ನೌಕೆಯೇ, ಟೆಲಿಮೆಟ್ರಿ ಫ್ರೇಮಿನ ಬಾಲದಲ್ಲಿ ಬರುವ 4 ಬೈಟ್‌ಗಳ ವರದಿಯಲ್ಲಿ. ಮುಂದೆ ನಿರೀಕ್ಷಿಸುತ್ತಿರುವ ಆದೇಶದ ಕ್ರಮಸಂಖ್ಯೆ ಎಷ್ಟೆಂದು ಅದರಲ್ಲಿರುತ್ತದೆ. ಚಂದ್ರನಾದರೆ ಎರಡೂವರೆ ಸೆಕೆಂಡಿನ ಮೇಲೆ ನೆಲದ ಜಾಲದ ವಿಳಂಬ ಸೇರಿಸಿ ಕಾಯಬೇಕು. ಮಂಗಳಯಾನ ಕಕ್ಷೆ ಸೇರಿದ ದಿನವಾಗಿದ್ದರೆ ಇಪ್ಪತ್ತೈದು ನಿಮಿಷ.

ನೆಲದ ದಾರಿಯ ದೌರ್ಬಲ್ಯಗಳು ಬೇರೆ ತೆರನಾದವು. ಟಿಸಿಪಿ ಒಂದಿಷ್ಟು ಮಾಹಿತಿ ಕಳಿಸಿ, ತಲುಪಿತೆಂಬ ಉತ್ತರ ಬರುವತನಕ ಕಾಯುತ್ತದೆ. ಆ 'ಒಂದಿಷ್ಟು' 64 ಕಿಲೋಬೈಟ್‌ಗೆ ನಿಂತುಹೋಗಿ, ಹೋಗಿಬರುವ ಸಮಯ 300 ಮಿಲಿಸೆಕೆಂಡ್ ಇದ್ದರೆ, ಸೆಕೆಂಡಿಗೆ ಸಾಗುವುದು ಸುಮಾರು 17 ಲಕ್ಷ ಬಿಟ್ ಮಾತ್ರ. ಬಾಡಿಗೆಗೆ ಪಡೆದ ಮಾರ್ಗ ಸೆಕೆಂಡಿಗೆ ಒಂದು ಕೋಟಿ ಬಿಟ್‌ನದಾದರೂ ಅಷ್ಟೇ. ಪ್ರಯೋಗಾಲಯದಲ್ಲಿ ಎರಡು ಕಂಪ್ಯೂಟರನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿದವರಿಗೆ ಇದು ಕಾಣುವುದಿಲ್ಲ. ನೌಕೆ ಕೇಂದ್ರದ ಆಕಾಶದಲ್ಲಿರುವ ಹೊತ್ತಿಗೆ ಪಾಸ್ ಎನ್ನುತ್ತಾರೆ; ಮೊದಲ ನಿಜವಾದ ಪಾಸ್‌ನಲ್ಲಿ ಫ್ರೇಮ್‌ಗಳು ಸಾಲುಗಟ್ಟಿ ನಿಂತಾಗ ಗೊತ್ತಾಗುತ್ತದೆ. ಇನ್ನೊಂದು, ನಡುವಿನ ಫೈರ್‌ವಾಲ್ ಸುಮ್ಮನಿರುವ ಸಂಪರ್ಕಗಳನ್ನು ಕಡಿದುಹಾಕುವುದು. ಆದೇಶದ ಸಂಪರ್ಕ ಎಷ್ಟೋ ಹೊತ್ತು ಸುಮ್ಮನೇ ಇರುತ್ತದೆ, ಬೇಕಾದ ಗಳಿಗೆಯಲ್ಲಿ ನೋಡಿದರೆ ಸತ್ತಿರುತ್ತದೆ. ಎರಡೂ ಕಡೆಯವರು ನಾಡಿಮಿಡಿತದ ಸಣ್ಣ ಸಂದೇಶಗಳನ್ನು ಎಷ್ಟು ಸೆಕೆಂಡಿಗೊಮ್ಮೆ ಕಳಿಸಬೇಕೆಂದು ಲಿಖಿತವಾಗಿ ಒಪ್ಪಿಕೊಳ್ಳುವುದೇ ಇದಕ್ಕೆ ಮದ್ದು.

2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರದಾಳದ ಕೇಬಲ್‌ಗಳು ತುಂಡಾದಾಗ ಭಾರತದ ಅಂತರ್ಜಾಲ ದಿನಗಟ್ಟಲೆ ತೆವಳಿತು. ಎರಡು ಕಂಪನಿಗಳಿಂದ ಎರಡು ಮಾರ್ಗ ಕೊಂಡರೆ ಸಾಲದು, ಅವೆರಡೂ ಒಂದೇ ಸಮುದ್ರತಳದಲ್ಲಿ ಅಕ್ಕಪಕ್ಕ ಮಲಗಿರಬಾರದು ಎಂಬುದು ಆ ದಿನ ಎಲ್ಲರಿಗೂ ಅರ್ಥವಾಯಿತು. ಬೆಂಗಳೂರಿನಿಂದ ಯುರೋಪಿಗೆ ಒಂದು ಮಾರ್ಗ ಮುಂಬೈಯಿಂದ ಪಶ್ಚಿಮಕ್ಕೆ ಹೋದರೆ, ಇನ್ನೊಂದು ಚೆನ್ನೈಯಿಂದ ಪೂರ್ವಕ್ಕೆ ಸುತ್ತಿ ಹೋಗುವಂತಿರಬೇಕು. ಪೂರ್ವದ ದಾರಿ ಉದ್ದ, ವಿಳಂಬ ಹೆಚ್ಚು. ಹಾಗಾಗಿ ಮೇಲೆ ಹೇಳಿದ ಟಿಸಿಪಿಯ ಲೆಕ್ಕವನ್ನು ಆ ಉದ್ದದ ದಾರಿಗೇ ಹಾಕಬೇಕು.

ಹಾರುವ ಮುಂಚೆ

ಕರಾರಿಗೆ ಸಹಿ ಬಿದ್ದ ಮೇಲೆ ನೌಕೆಯ ರೇಡಿಯೊದ ತದ್ರೂಪೊಂದನ್ನು ಪೆಟ್ಟಿಗೆಯಲ್ಲಿ ತುಂಬಿ ಆತಿಥೇಯ ಸಂಸ್ಥೆಯ ಪರೀಕ್ಷಾಲಯಕ್ಕೆ ಒಯ್ಯುತ್ತಾರೆ. ಈ ರಂಗದವರು ಇದನ್ನು 'ಸೂಟ್‌ಕೇಸ್' ಎಂದೇ ಕರೆಯುವುದು. ಅಲ್ಲಿ ಕೇಂದ್ರದ ರಿಸೀವರಿಗೆ ಅದನ್ನು ತಂತಿಯಲ್ಲೇ ಜೋಡಿಸಿ, ಸಂಕೇತವನ್ನು ಬೇಕೆಂದೇ ಕುಗ್ಗಿಸುತ್ತಾ ಎಲ್ಲಿಯವರೆಗೆ ಹಿಡಿತ ಉಳಿಯುತ್ತದೆ ನೋಡುತ್ತಾರೆ. ಧ್ರುವೀಕರಣ (ಅಲೆ ಸಾಗುವಾಗ ತಿರುಗುವ ಬಗೆ) ಬಲಸುತ್ತೋ ಎಡಸುತ್ತೋ, ಮಾಡ್ಯುಲೇಶನ್ (ಮಾಹಿತಿಯನ್ನು ಅಲೆಯ ಮೇಲೆ ಹೊರಿಸುವ ಪ್ರಮಾಣ) ಎಷ್ಟು, ಮುಖ್ಯ ಅಲೆಯ ಮೇಲೆ ಕೂರುವ ಉಪವಾಹಕದ ಆವರ್ತನ ಕಾಗದದಲ್ಲಿರುವಂತೆಯೇ ಇದೆಯೇ ಎಂದು ತಾಳೆ ನೋಡುತ್ತಾರೆ. ಧ್ರುವೀಕರಣ ತಲೆಕೆಳಗಾದರೆ ಸಂಕೇತ ನೂರನೆಯ ಒಂದು ಪಾಲಿಗೋ ಅದಕ್ಕಿಂತ ಕೆಳಕ್ಕೋ ಬೀಳುತ್ತದೆ. ಇಂಥ ತಪ್ಪು ಕಾಗದದ ಮೇಲೆ ಒಂದು ಅಕ್ಷರದ್ದು, ಹಾರಿದ ಮೇಲೆ ಪತ್ತೆಯಾದರೆ ಇಡೀ ಪಾಸ್‌ನದ್ದು. ನೌಕೆಯ ರೇಡಿಯೊ ಸಂಕೇತವನ್ನು ಹಿಂದಿರುಗಿಸಲು ತೆಗೆದುಕೊಳ್ಳುವ ವಿಳಂಬವನ್ನೂ ಇಲ್ಲೇ ಅಳೆದಿಡಬೇಕು. ದೂರ ಅಳೆಯುವಾಗ ಹೋಗಿಬರುವ ಸಮಯದಲ್ಲಿ ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರದಲ್ಲಿ 15 ಸೆಂಟಿಮೀಟರ್ ತಪ್ಪುತ್ತದೆ.

ಆಮೇಲೆ ಬರುವುದು ಕಕ್ಷೆಯ ಕಡತ. ನೌಕೆ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬ ಪಟ್ಟಿಯನ್ನು ನೌಕೆಯ ಸಂಸ್ಥೆ ಸಿಸಿಎಸ್‌ಡಿಎಸ್ ನಮೂನೆಯಲ್ಲಿ ಕಳಿಸುತ್ತದೆ, ಕೇಂದ್ರ ಅದರಿಂದ ಆಂಟೆನಾದ ದಿಕ್ಕನ್ನೂ ನೌಕೆಯ ಓಟದಿಂದ ಆವರ್ತನದಲ್ಲಿ ಆಗುವ ಡಾಪ್ಲರ್ ಪಲ್ಲಟವನ್ನೂ ಲೆಕ್ಕ ಹಾಕುತ್ತದೆ. ಕಡತದ ತಲೆಯಲ್ಲಿ ಮೂರು ಸಾಲುಗಳನ್ನು ಕಣ್ಣಿಟ್ಟು ಓದಬೇಕು: ಕೇಂದ್ರಬಿಂದು ಯಾವುದು, ಅಕ್ಷಗಳ ಚೌಕಟ್ಟು ಯಾವುದು, ಸಮಯದ ಲೆಕ್ಕ ಯಾವುದು. ಖಗೋಳ ಗಣಿತಕ್ಕೆ ಬಳಸುವ ಸಮಯಕ್ಕೂ ನಮ್ಮ ಕೈಗಡಿಯಾರಗಳ ಹಿಂದಿರುವ ಯುಟಿಸಿ ಸಮಯಕ್ಕೂ ಸದ್ಯ 69 ಸೆಕೆಂಡಿನ ಅಂತರವಿದೆ. ಒಂದನ್ನು ಇನ್ನೊಂದೆಂದು ಓದಿದರೆ, ಭೂಮಿಗೆ ಹತ್ತಿರದಲ್ಲಿ ಸೆಕೆಂಡಿಗೆ ಏಳೂವರೆ ಕಿ.ಮೀ. ಓಡುವ ಉಪಗ್ರಹ 500 ಕಿ.ಮೀ.ಗೂ ಆಚೆ ಇರುತ್ತದೆ, ಆಂಟೆನಾ ಖಾಲಿ ಆಕಾಶ ನೋಡುತ್ತದೆ.

ಚಂದ್ರನ ಬಳಿಯ ನೌಕೆಯಲ್ಲಿ ಈ ತಪ್ಪು ಇನ್ನೂ ಕಪಟಿ. 18 ಮೀಟರ್ ಡಿಶ್‌ನ ಎಸ್ ಬ್ಯಾಂಡ್ ಕಿರಣದ ಅಗಲ ಸುಮಾರು ಅರ್ಧ ಡಿಗ್ರಿ, ಅಂದರೆ ಚಂದ್ರಬಿಂಬದಷ್ಟೇ. ಹಾಗಾಗಿ 69 ಸೆಕೆಂಡ್ ತಪ್ಪಿದರೂ ಆಂಟೆನಾದ ದಿಕ್ಕು ಸರಿಯಾಗಿಯೇ ಇರುವಂತೆ ಕಾಣುತ್ತದೆ. ಆದರೆ ಚಂದ್ರನ ಗುರುತ್ವದಲ್ಲಿ ಅಷ್ಟು ಹೊತ್ತಿಗೆ ನೌಕೆಯ ವೇಗ ನಮ್ಮ ದಿಕ್ಕಿನಲ್ಲಿ ಸೆಕೆಂಡಿಗೆ 100 ಮೀಟರಿನಷ್ಟು ಬದಲಾಗಿರಬಹುದು. ಆವರ್ತನದಲ್ಲಿ ಅದು ಏಳುನೂರು ಹರ್ಟ್ಸ್‌ಗೂ ಹೆಚ್ಚು. ದುರ್ಬಲ ಸಂಕೇತಕ್ಕಾಗಿ ರಿಸೀವರಿನ ಹುಡುಕಾಟದ ಕಿಂಡಿಯನ್ನು ಕಿರಿದಾಗಿಸಿದ್ದರೆ ಸಂಕೇತ ಆ ಕಿಂಡಿಯ ಹೊರಗೇ ಉಳಿಯುತ್ತದೆ. ಎಲ್ಲರೂ ಡಿಶ್ಶನ್ನೂ ನೌಕೆಯನ್ನೂ ಅನುಮಾನಿಸುತ್ತಾರೆ. ತಪ್ಪು ಕಡತದ ತಲೆಯ ಒಂದು ಪದದಲ್ಲಿರುತ್ತದೆ.

ಗಡಿಯಾರ ಕೈಕೊಡುವ ಇನ್ನೊಂದು ಜಾಗ ಎಸ್‌ಎಲ್‌ಇಯ ಬಾಗಿಲು. ಗುರುತುಪತ್ರದಲ್ಲಿ ಗುಪ್ತಪದದ ಜೊತೆಗೆ ಸಮಯವೂ ಸೇರಿರುತ್ತದೆ, ಹಳೆಯ ಗುರುತುಪತ್ರವನ್ನು ಕದ್ದು ಮತ್ತೆ ಬಳಸದಂತೆ. ಎರಡು ಕಡೆಯ ಸರ್ವರುಗಳ ಗಡಿಯಾರ ಒಪ್ಪಿದ ಮಿತಿಗಿಂತ ಹೆಚ್ಚು ಬೇರೆಯಾಗಿದ್ದರೆ, ಗುಪ್ತಪದ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ತೆರೆಯ ಮೇಲೆ ಬರುವುದು 'ಪ್ರವೇಶವಿಲ್ಲ' ಎಂಬ ಉತ್ತರ ಮಾತ್ರ. ಪಾಸ್‌ಗೆ ಹತ್ತು ನಿಮಿಷ ಇರುವಾಗ ಗುಪ್ತಪದ ಬದಲಿಸುತ್ತಾ ಕೂತರೆ ಆ ಹತ್ತು ನಿಮಿಷವೂ ಹೋಯಿತು. ಮೊದಲು ಗಡಿಯಾರ ನೋಡಬೇಕು.

ಪಾಸ್ ನಡೆಯುವಾಗ

ಸಮಯದ ಹಂಚಿಕೆ ಬಹಳ ಮುಂಚೆಯೇ ಆಗಿರುತ್ತದೆ. ದೊಡ್ಡ ಆಂಟೆನಾಗಳಿಗೆ ಗಿರಾಕಿಗಳು ಬಹಳ. ವಾಯೇಜರ್‌ನಿಂದ ಹಿಡಿದು ಮಂಗಳನ ಮೇಲಿನ ರೋವರ್‌ಗಳವರೆಗೆ ಎಲ್ಲರೂ ಅವೇ ಡಿಶ್‌ಗಳ ಗಂಟೆಗಳಿಗೆ ಕಾದಿರುತ್ತಾರೆ. ಕಕ್ಷೆ ಬದಲಾವಣೆ, ಇಳಿಯುವಿಕೆಯಂಥ ಗಳಿಗೆಗಳನ್ನು ಮೊದಲೇ ತಿಳಿಸಿ ಕಾಯ್ದಿರಿಸದಿದ್ದರೆ ಆಮೇಲೆ ಕೇಳಿ ಫಲವಿಲ್ಲ.

ನೌಕೆ ಹುಟ್ಟುವ ಮುಂಚೆ ಕೇಂದ್ರದವರು ಆಂಟೆನಾವನ್ನು ನೌಕೆಯ ಆವರ್ತನದ ಪಟ್ಟಿಗೆ ಜೋಡಿಸಿ, ಒಳಗಿನ ತಂತಿ-ಯಂತ್ರಗಳ ವಿಳಂಬ ಅಳೆದು, ಕೃತಕ ಫ್ರೇಮ್‌ಗಳನ್ನು ಪೀಣ್ಯಕ್ಕೆ ಕಳಿಸಿ ದಾರಿ ಸರಿಯಿದೆಯೇ ನೋಡಿಕೊಳ್ಳುತ್ತಾರೆ. ದಿಗಂತದಿಂದ ಐದರಿಂದ ಹತ್ತು ಡಿಗ್ರಿ ಮೇಲೆ ಬರುವವರೆಗೆ ಸಂಕೇತ ನಂಬುವಂತಿರುವುದಿಲ್ಲ. ಬೆಚ್ಚನೆಯ ನೆಲ ಮತ್ತು ದಪ್ಪ ವಾತಾವರಣದ ಗದ್ದಲ ಜೊತೆಗೆ ಸೇರಿರುತ್ತದೆ.

ಮಳೆಯ ಮಾತನ್ನೂ ಇಲ್ಲೇ ಹೇಳಬೇಕು. ರೇಡಿಯೊ ಗದ್ದಲವನ್ನು ಉಷ್ಣತೆಯ ಮಾನವಾದ ಕೆಲ್ವಿನ್‌ನಲ್ಲೇ ಅಳೆಯುತ್ತಾರೆ. ಅತಿಶೀತದಲ್ಲಿಟ್ಟ ವರ್ಧಕಗಳಿರುವ ಒಳ್ಳೆಯ ಕೇಂದ್ರವೊಂದರ ಒಟ್ಟು ಗದ್ದಲ ಎಕ್ಸ್ ಬ್ಯಾಂಡಿನಲ್ಲಿ 25 ಕೆಲ್ವಿನ್ ಎಂದುಕೊಳ್ಳಿ. ಮಳೆ ಸಂಕೇತವನ್ನು ಒಂದೇ ಒಂದು ಡೆಸಿಬೆಲ್ ಕುಗ್ಗಿಸಿತು. ಅದು ದೊಡ್ಡ ವಿಷಯವಲ್ಲ ಅನಿಸುತ್ತದೆ. ಆದರೆ ಬೆಚ್ಚಗಿನ ಆ ಮಳೆನೀರು ತಾನೂ ಅಲೆ ಸೂಸಿ 55 ಕೆಲ್ವಿನ್‌ಗೂ ಹೆಚ್ಚು ಗದ್ದಲ ಸೇರಿಸುತ್ತದೆ. ಗದ್ದಲ ಮೂರು ಪಟ್ಟಿಗೂ ಮೀರುತ್ತದೆ. ಒಟ್ಟು ನಷ್ಟ ಆರು ಡೆಸಿಬೆಲ್, ಅಂದರೆ ಸಂಕೇತದ ಗುಣ ಕಾಲು ಭಾಗಕ್ಕೆ ಇಳಿಯಿತು. ಕೇಂದ್ರ ಎಷ್ಟು ಒಳ್ಳೆಯದೋ ಮಳೆಯ ಪೆಟ್ಟು ಅಷ್ಟು ಜೋರು. ದೂರದೂರದ ಎರಡು ಕೇಂದ್ರಗಳಲ್ಲಿ ಒಂದೇ ಹೊತ್ತಿಗೆ ಮಳೆ ಬರುವ ಸಾಧ್ಯತೆ ಕಡಿಮೆ ಎಂಬುದು ಪರದೇಶದ ಆಂಟೆನಾ ಜೊತೆಗಿದ್ದರೆ ಸಿಗುವ ದೊಡ್ಡ ನೆಮ್ಮದಿ.

ಒಂದು ಕೇಂದ್ರದಿಂದ ಇನ್ನೊಂದಕ್ಕೆ ನೌಕೆಯನ್ನು ಒಪ್ಪಿಸುವಾಗ ಕೇಳುವ ಕೆಲಸ ಸುಲಭ. ಇಬ್ಬರೂ ಒಟ್ಟಿಗೆ ಕೇಳಬಹುದು. ಮಾತಾಡುವ ಕೆಲಸ ಹಾಗಲ್ಲ. ನೌಕೆಯ ರಿಸೀವರ್ ಒಂದು ವಾಹಕ ಅಲೆಗೆ ಹಿಡಿದುಕೊಂಡಿರುತ್ತದೆ. ಅದೇ ಆವರ್ತನದಲ್ಲಿ ಇನ್ನೊಂದು ಬಂದರೆ ಎರಡರ ನಡುವೆ ಹಿಡಿತ ತಪ್ಪುತ್ತದೆ. ಆದ್ದರಿಂದ ಯಾವ ಸೆಕೆಂಡಿಗೆ ಮೊದಲನೆಯವರು ಟ್ರಾನ್ಸ್‌ಮಿಟರ್ ಇಳಿಸಬೇಕು, ಯಾವ ಸೆಕೆಂಡಿಗೆ ಎರಡನೆಯವರು ಏರಿಸಬೇಕು ಎಂಬುದು ಬರಹದಲ್ಲಿರುತ್ತದೆ. ಏರಿಸಿದವರು ತಮ್ಮ ಆವರ್ತನವನ್ನು ಡಾಪ್ಲರ್ ಲೆಕ್ಕದ ಆಚೀಚೆ ನಿಧಾನವಾಗಿ ಗುಡಿಸುತ್ತಾರೆ. ನೌಕೆ ಹಿಡಿದುಕೊಂಡಿತೆಂದು ಟೆಲಿಮೆಟ್ರಿಯಲ್ಲಿ ಕಂಡ ಮೇಲೆಯೇ ಮೊದಲ ಆದೇಶ.

ಬ್ಯಾಲಾಳು ಕಳಿಸಿದ ಅಲೆ ನೌಕೆಯಿಂದ ತಿರುಗಿ ಬಂದು ನ್ಯೂ ನಾರ್ಸಿಯಾದಲ್ಲಿ ಇಳಿದರೆ ಅದರಿಂದಲೂ ವೇಗ ಅಳೆಯಬಹುದು. ಆದರೆ ಆಗ ಅಳತೆಯಲ್ಲಿ ಎರಡು ಕೇಂದ್ರಗಳ ಗಡಿಯಾರವೂ ಸೇರಿಕೊಳ್ಳುತ್ತದೆ. ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರಗಳು ಎರಡೂ ಕಡೆ ಇಲ್ಲದಿದ್ದರೆ ಈ ಅಳತೆ ಬರಿ ಅಲಂಕಾರ.

ಎರಡು ಖಂಡಗಳ ಕೇಂದ್ರಗಳು ಒಟ್ಟಿಗೆ ಇದ್ದರೆ ಮಾತ್ರ ಆಗುವ ಇನ್ನೊಂದು ಅಳತೆಯಿದೆ, ಡೆಲ್ಟಾ-ಡಿಒಆರ್. ಎರಡೂ ಕೇಂದ್ರಗಳು ಮೊದಲು ನೌಕೆಯನ್ನೂ ಆಮೇಲೆ ಅದರ ಹತ್ತಿರದಲ್ಲೇ ಕಾಣುವ ಒಂದು ಕ್ವೇಸಾರನ್ನೂ (ಬಹುದೂರದ ಗೆಲಾಕ್ಸಿಯೊಂದರ ಪ್ರಖರ ನಡುಭಾಗವನ್ನು) ನೋಡುತ್ತವೆ. ಅಲೆ ಒಂದಕ್ಕಿಂತ ಇನ್ನೊಂದಕ್ಕೆ ಎಷ್ಟು ತಡವಾಗಿ ತಲುಪಿತು ಎಂಬುದರಿಂದ ದಿಕ್ಕು ಸಿಗುತ್ತದೆ, ಕ್ವೇಸಾರಿನ ದಿಕ್ಕು ಮೊದಲೇ ಗೊತ್ತಿರುವುದರಿಂದ ಇಬ್ಬರಿಗೂ ಸಮಾನವಾದ ತಪ್ಪುಗಳು ಕಳೆದುಹೋಗುತ್ತವೆ. 8,000 ಕಿ.ಮೀ. ಅಂತರದ ಎರಡು ಕೇಂದ್ರಗಳು ಒಂದು ನ್ಯಾನೊಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಅಳೆದರೆ, ಮಂಗಳಯಾನದ 22.4 ಕೋಟಿ ಕಿ.ಮೀ. ದೂರದಲ್ಲಿ ಅದು ಒಂದು ಕಿ.ಮೀ.ಗಿಂತ ಕಡಿಮೆ ತಪ್ಪು. ಒಂದೇ ಕೇಂದ್ರದಿಂದ ದೂರ ಮತ್ತು ವೇಗ ಅಳೆದರೆ ಗೊತ್ತಾಗುವುದು ನಮ್ಮ ನೋಟದ ನೇರದಲ್ಲಿ ನೌಕೆ ಎಲ್ಲಿದೆ ಎಂಬುದು. ಅಡ್ಡಕ್ಕೆ ಎಷ್ಟು ಸರಿದಿದೆ ಎಂದು ಡೆಲ್ಟಾ-ಡಿಒಆರ್ ಹೇಳುತ್ತದೆ, ಗ್ರಹದ ಕಕ್ಷೆ ಸೇರುವಾಗ ಬೇಕಾದದ್ದೂ ಅದೇ.

2023ರ ಆಗಸ್ಟ್ 23ರ ಸಂಜೆ ಆರು ಗಂಟೆಯ ಹೊತ್ತಿಗೆ ಚಂದ್ರ ಅರ್ಧಬಿಂಬಕ್ಕೆ ಹತ್ತಿರವಿದ್ದ. ಬ್ಯಾಲಾಳಿಗೆ ಅವನು ದಕ್ಷಿಣದ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿದ್ದ. ನ್ಯೂ ನಾರ್ಸಿಯಾದಲ್ಲಿ ಆಗಲೇ ರಾತ್ರಿ ಎಂಟೂವರೆ, ಚಂದ್ರ ಪಶ್ಚಿಮಕ್ಕೆ ವಾಲಿದ್ದರೂ ಇನ್ನೂ ಮುಳುಗಿರಲಿಲ್ಲ. ಎರಡು ಕೇಂದ್ರಗಳೂ ಒಂದೇ ಹೊತ್ತಿಗೆ ಲ್ಯಾಂಡರನ್ನು ನೋಡಬಲ್ಲವಾಗಿದ್ದವು. ಒಂದರ ವಿದ್ಯುತ್ತು, ವರ್ಧಕ, ಕೇಬಲ್, ಯಾವುದು ಕೈಕೊಟ್ಟರೂ ಇನ್ನೊಂದು ಇತ್ತು. ಚಂದ್ರಯಾನ-2ರ ಆರ್ಬಿಟರ್ ಮೂರನೆಯ ದಾರಿ. ಅದರ ಜೊತೆ ಲ್ಯಾಂಡರ್‌ನ ಸಂಪರ್ಕವನ್ನು ಎರಡು ದಿನ ಮುಂಚೆಯೇ ಪರೀಕ್ಷಿಸಿಯಾಗಿತ್ತು. ಇಳಿಯುವಾಗ ಭೂಮಿಯಿಂದ ಲ್ಯಾಂಡರನ್ನು ನಡೆಸಲು ಹೇಗೂ ಆಗದು, ಅದು ತಾನೇ ನಿರ್ಧರಿಸಿಕೊಂಡು ಇಳಿಯುತ್ತದೆ. ಆದರೂ ಟೆಲಿಮೆಟ್ರಿಗೆ ಇಷ್ಟು ದಾರಿಗಳನ್ನು ಇಟ್ಟದ್ದು ಏಕೆಂದರೆ, ನೌಕೆ ಬಿದ್ದರೆ ಕೊನೆಯ ಸೆಕೆಂಡುಗಳ ಫ್ರೇಮ್‌ಗಳಷ್ಟೇ ಕಾರಣ ಹೇಳಬಲ್ಲವು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದದ್ದೇಕೆಂದು ತಿಳಿದದ್ದೂ, ಮುಂದಿನ ಲ್ಯಾಂಡರನ್ನು ತಿದ್ದಿದ್ದೂ ಅಂಥ ಮಾಹಿತಿಯಿಂದಲೇ.

ನೌಕೆ ಮುಳುಗಿದ ಮೇಲೂ ಕೇಂದ್ರದಲ್ಲಿ ಕೆಲಸ ಉಳಿದಿರುತ್ತದೆ. ಸಂಪೂರ್ಣ ಬಗೆಯಲ್ಲಿ ಸಾಲಿನಲ್ಲಿ ನಿಂತ ಫ್ರೇಮ್‌ಗಳು ಇನ್ನೂ ಬೆಂಗಳೂರಿಗೆ ಹೋಗುತ್ತಿರುತ್ತವೆ. ಯಂತ್ರಗಳ ವಿಳಂಬವನ್ನು ಮತ್ತೊಮ್ಮೆ ಅಳೆದು ಪಾಸ್‌ಗೆ ಮುಂಚಿನದರ ಜೊತೆ ಹೋಲಿಸುತ್ತಾರೆ. ಡಾಪ್ಲರ್, ದೂರ, ಆ ಹೊತ್ತಿನ ಗಾಳಿಯ ಒತ್ತಡ, ತೇವ, ಉಷ್ಣತೆಗಳ ಕಡತಗಳು ಹೊರಡುತ್ತವೆ. ಪೀಣ್ಯದವರು ಎಣಿಸಿ, ಬಂದ ಫ್ರೇಮ್‌ಗಳಲ್ಲಿ ತೂತಿಲ್ಲವೆಂದು ಖಾತ್ರಿಯಾದ ಮೇಲೆ 'ಅನ್‌ಬೈಂಡ್' ಎನ್ನುತ್ತಾರೆ. ಅಷ್ಟರಲ್ಲಿ ಆ ಡಿಶ್ ಬೇರೊಂದು ದೇಶದ ಬೇರೊಂದು ನೌಕೆಯ ಕಡೆಗೆ ತಿರುಗತೊಡಗಿರುತ್ತದೆ.